ದರ್ಜೆ ಇಳಿದಂತೆ ಇಳಿದ ಆಯಸ್ಸು

1960ರ ದಶಕದಲ್ಲಿ ಹೃದಯಾಘಾತವೆಂದರೆ ದೊಡ್ಡ ಸಾಹೇಬರ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ತಲೆ ತುಂಬ ಜವಾಬ್ದಾರಿ, ದಿನವೂ ದೊಡ್ಡ ದೊಡ್ಡ ತೀರ್ಮಾನ, ಆ ಒತ್ತಡ ಎದೆಗೆ ಬಡಿಯುತ್ತದೆ ಎಂದು ಜನ ಹೇಳುತ್ತಿದ್ದರು. ವೈದ್ಯರಲ್ಲೂ ಹಲವರು ಒಪ್ಪುತ್ತಿದ್ದರು. ಈ ನಂಬಿಕೆಯನ್ನು ತಲೆಕೆಳಗು ಮಾಡಿದ್ದು ಲಂಡನ್ನಿನ ಸರ್ಕಾರಿ ಕಚೇರಿಗಳ ಸಾವಿನ ಲೆಕ್ಕ.

ಆ ಲೆಕ್ಕ ಶುರು ಮಾಡಿದವರು ಹುಡುಕಹೊರಟದ್ದೇ ಬೇರೆ. ಡೊನಾಲ್ಡ್ ರೀಡ್ ಮತ್ತು ಜೆಫ್ರಿ ರೋಸ್ ಅವರಿಗೆ ಬೇಕಿದ್ದದ್ದು ಹೃದ್ರೋಗ, ಸಕ್ಕರೆ ಕಾಯಿಲೆ, ಶ್ವಾಸಕೋಶದ ರೋಗಗಳು ಯಾರಿಗೆ ಬರುತ್ತವೆ ಎಂಬ ಸುಳಿವು. 1967ರಲ್ಲಿ ಅವರು ವೈಟ್‌ಹಾಲ್ ಸುತ್ತಲಿನ ಕಚೇರಿಗಳಿಂದ 40ರಿಂದ 64 ವಯಸ್ಸಿನ ಸುಮಾರು 18,000 ನೌಕರರನ್ನು ತಪಾಸಣೆಗೆ ಕರೆದರು. ಎಲ್ಲರೂ ಗಂಡಸರೇ. ಹೃದ್ರೋಗ ಗಂಡಸರ ಸಮಸ್ಯೆ ಎಂದು ಮೊದಲೇ ತೀರ್ಮಾನವಾಗಿತ್ತಾದ್ದರಿಂದ ಹೆಂಗಸರನ್ನು ಸೇರಿಸಿಕೊಳ್ಳಲೇ ಇಲ್ಲ. ಇದಕ್ಕೆ ಮುಂದೆ ಬರುತ್ತೇನೆ.

ಎತ್ತರ, ತೂಕ ಅಳೆದರು. ರಕ್ತದೊತ್ತಡ ನೋಡಿದರು, ಇಸಿಜಿ ತೆಗೆದರು, ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷಿಸಿದರು. ದಿನಕ್ಕೆ ಎಷ್ಟು ಸಿಗರೇಟು ಎಂದು ಕೇಳಿ ಬರೆದುಕೊಂಡರು. ಅದೇ ಅರ್ಜಿಯಲ್ಲಿ ನೌಕರನ ದರ್ಜೆಯೂ ದಾಖಲಾಯಿತು. ಆಮೇಲಿನದು ಕಾಯುವ ಕೆಲಸ. ಇವರೆಲ್ಲರ ಹೆಸರಿಗೆ ರಾಷ್ಟ್ರೀಯ ಆರೋಗ್ಯ ಸೇವೆಯ ಕೇಂದ್ರ ದಾಖಲೆಯಲ್ಲಿ ಗುರುತು ಹಾಕಿಸಿದ್ದರು. ಯಾರಾದರೂ ತೀರಿಕೊಂಡರೆ ಮರಣ ಪ್ರಮಾಣಪತ್ರದ ಪ್ರತಿ ಸಂಶೋಧಕರ ಕೈಸೇರುತ್ತಿತ್ತು. ಹೀಗೆ ವರ್ಷಗಳ ಕಾಲ ಒಂದೊಂದೇ ಪತ್ರ ಬಂದು ಕೂಡಿತು.

ಮೈಕೆಲ್ ಮಾರ್ಮೊಟ್ ಈ ಕೆಲಸಕ್ಕೆ ಕೈಹಾಕಿದ್ದು 1976ರ ನಂತರ. ಸಿಡ್ನಿಯಲ್ಲಿ ವೈದ್ಯಕೀಯ ಓದಿದ ಮಾರ್ಮೊಟ್, ಬರ್ಕ್ಲಿಯಲ್ಲಿ ಲೆನಾರ್ಡ್ ಸೈಮ್ ಅವರ ಬಳಿ ಜಪಾನಿನಿಂದ ವಲಸೆ ಹೋದವರ ಹೃದ್ರೋಗವನ್ನು ಅಧ್ಯಯನ ಮಾಡಿದ್ದರು. ಕ್ಯಾಲಿಫೋರ್ನಿಯಾಕ್ಕೆ ಬಂದರೂ ತಮ್ಮವರ ಒಡನಾಟ, ರೀತಿನೀತಿ ಉಳಿಸಿಕೊಂಡವರಲ್ಲಿ ರೋಗ ಕಡಿಮೆಯಿತ್ತು. ಬರೀ ಊಟ, ಸಿಗರೇಟು, ರಕ್ತದೊತ್ತಡದಿಂದ ಇದನ್ನು ವಿವರಿಸಲು ಆಗಿರಲಿಲ್ಲ. ಬೇರೆಯವರು ದಾಟಿಹೋಗಬಹುದಾಗಿದ್ದ ದರ್ಜೆಯ ಕಾಲಂ ಮಾರ್ಮೊಟ್ ಕಣ್ಣಿಗೆ ಬಿದ್ದದ್ದು ಈ ಅನುಭವದಿಂದಲೇ ಎಂದು ನನಗೆ ಅನಿಸುತ್ತದೆ.

ಏಳೂವರೆ ವರ್ಷದ ಸಾವುಗಳನ್ನು ದರ್ಜೆವಾರು ವಿಂಗಡಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು. ಹೃದ್ರೋಗದಿಂದ ಹೆಚ್ಚು ಸತ್ತವರು ಸಾಹೇಬರಲ್ಲ, ಅವರ ಬಾಗಿಲ ಮುಂದೆ ನಿಲ್ಲುವವರು, ಟಪಾಲು ಹೊರುವವರು. ಅತಿ ಮೇಲಿನ ಆಡಳಿತಾಧಿಕಾರಿಗಳಿಗೆ ಹೋಲಿಸಿದರೆ ಅತಿ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ 3.6 ಪಟ್ಟು. 1978ರಲ್ಲಿ ಪ್ರಬಂಧ ಪ್ರಕಟವಾಯಿತು.

ಆದರೆ ಮಾರ್ಮೊಟ್ ತಂಡವನ್ನು ಕಾಡಿದ್ದು ನಡುವಿನವರ ಅಂಕಿಗಳು. ಕೈತುಂಬ ಸಂಬಳದ ಎರಡನೆಯ ದರ್ಜೆಯವರೂ ತಮಗಿಂತ ಒಂದೇ ಮೆಟ್ಟಿಲು ಮೇಲಿದ್ದವರಿಗಿಂತ ಹೆಚ್ಚಾಗಿ ಸಾಯುತ್ತಿದ್ದರು. ಅವರಿಗಿಂತ ಹೆಚ್ಚಾಗಿ ಗುಮಾಸ್ತರು. ಬಡತನದಿಂದ ಸತ್ತರು ಎನ್ನೋಣವೆಂದರೆ ಇವರೆಲ್ಲ ಕಾಯಂ ನೌಕರಿಯವರು, ನಿವೃತ್ತಿಯಾದರೆ ಪಿಂಚಣಿ ಇತ್ತು, ಚಿಕಿತ್ಸೆ ಎಲ್ಲರಿಗೂ ಉಚಿತ. ಗಣಿಯ ಧೂಳಿಲ್ಲ, ಕಾರ್ಖಾನೆಯ ಹೊಗೆಯಿಲ್ಲ. ಕೆಳದರ್ಜೆಯವರು ಹೆಚ್ಚು ಸೇದುತ್ತಿದ್ದರು, ಅವರ ರಕ್ತದೊತ್ತಡವೂ ಜಾಸ್ತಿ, ನಿಜ. ಕೊಲೆಸ್ಟರಾಲ್ ಮಾತ್ರ ಮೇಲಿನವರಲ್ಲೇ ತುಸು ಹೆಚ್ಚಿತ್ತು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ಕಳೆದ ಮೇಲೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು.

ಉಳಿದದ್ದಕ್ಕೆ ಕಾರಣ ಹುಡುಕಲು 1985ರಲ್ಲಿ ಎರಡನೆಯ ಅಧ್ಯಯನ ಆರಂಭವಾಯಿತು: 20 ಇಲಾಖೆಗಳು, 35ರಿಂದ 55 ವಯಸ್ಸಿನ 10,308 ನೌಕರರು. ಈ ಸಲ ಅವರಲ್ಲಿ 3,413 ಮಂದಿ ಹೆಂಗಸರು. ರಕ್ತ, ಇಸಿಜಿಯ ಜೊತೆಗೆ ಕೆಲಸದ ಬಗ್ಗೆಯೂ ಪ್ರಶ್ನೆಗಳಿದ್ದವು. ಕೆಲಸ ಹೇಗೆ ಮಾಡಬೇಕೆಂದು ನೀವೇ ನಿರ್ಧರಿಸುತ್ತೀರಾ? ಬಿಡುವು ಯಾವಾಗ ತೆಗೆದುಕೊಳ್ಳಬೇಕೆಂಬುದು ನಿಮ್ಮ ಕೈಲಿದೆಯೇ? ನೌಕರರು ಬೇಸರದಲ್ಲಿ ಏನೋ ಬರೆದಿರಬಹುದೆಂಬ ಆಕ್ಷೇಪ ಬಾರದಂತೆ, ಸಿಬ್ಬಂದಿ ವಿಭಾಗದ ಅಧಿಕಾರಿಗಳಿಂದಲೂ ಆಯಾ ಹುದ್ದೆಗೆ ಪ್ರತ್ಯೇಕವಾಗಿ ಅಂಕ ಹಾಕಿಸಿದರು.

1997ರಲ್ಲಿ ಫಲಿತಾಂಶ ಬಂತು. ಕೆಲಸದ ಮೇಲೆ ಹಿಡಿತವಿಲ್ಲದವರಿಗೆ ಹೃದ್ರೋಗ ಹೆಚ್ಚು, ಗಂಡಸರಾಗಲಿ ಹೆಂಗಸರಾಗಲಿ. ದರ್ಜೆಗಳ ನಡುವಿನ ಅಂತರವನ್ನು ವಿವರಿಸುವಲ್ಲಿ ಪರಿಶೀಲಿಸಿದ ಕಾರಣಗಳ ಪೈಕಿ ಅತಿ ದೊಡ್ಡ ಪಾಲು ಇದರದೇ ಆಗಿತ್ತು. ಸಾಹೇಬರಿಗೆ ಒತ್ತಡವಿಲ್ಲವೆಂದಲ್ಲ, ಆದರೆ ಯಾವ ಫೈಲು ಇಂದು, ಯಾವುದು ನಾಳೆ ಎಂದು ಹೇಳುವ ಅಧಿಕಾರವೂ ಅವರದೇ. ಗಂಟೆ ಒತ್ತಿದಾಗಲೆಲ್ಲ ಎದ್ದು ಓಡಬೇಕಾದವನಿಗೆ ಅದು ಎಲ್ಲಿಂದ ಬರಬೇಕು? ದಲಾಯತ, ಗುಮಾಸ್ತ, ಅಧೀಕ್ಷಕ, ಕಾರ್ಯದರ್ಶಿ ಎಂಬ ಏಣಿಯಲ್ಲಿ ಕೆಲಸ ಮಾಡಿದ ನಮ್ಮ ಕಚೇರಿಗಳ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಏಣಿ ನಮಗೂ ಬ್ರಿಟಿಷರಿಂದಲೇ ಬಂದದ್ದು.

ಹೆಂಗಸರ ವಿಷಯ ಇಷ್ಟಕ್ಕೆ ಮುಗಿಯಲಿಲ್ಲ. ಮನೆಯಲ್ಲಿ ಆಗುಹೋಗುಗಳು ನಿಮ್ಮ ಹಿಡಿತದಲ್ಲಿವೆಯೇ ಎಂಬ ಪ್ರಶ್ನೆಯನ್ನೂ ಗಂಡಸರು, ಹೆಂಗಸರು ಇಬ್ಬರಿಗೂ ಕೇಳಿದ್ದರು. 2004ರಲ್ಲಿ ತರಾನಿ ಚಂದೋಲ ಮತ್ತು ಸಂಗಡಿಗರು ಆ ಉತ್ತರಗಳನ್ನು ನಂತರದ ಹೃದ್ರೋಗದ ದಾಖಲೆಯೊಂದಿಗೆ ತಾಳೆ ನೋಡಿದರು. ‘ಇಲ್ಲ’ ಎಂದ ಹೆಂಗಸರಲ್ಲಿ ರೋಗ ಹೆಚ್ಚಿತ್ತು, ಗಂಡಸರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಮನೆಮಂದಿಯ ಬೇಡಿಕೆಗಳು ಮಿತಿಮೀರಿದ್ದು, ನಿಭಾಯಿಸಲು ಹಣವೂ ಇಲ್ಲ, ಆಸರೆಯೂ ಇಲ್ಲ ಎಂಬಲ್ಲಿಂದ ಈ ಅಸಹಾಯಕತೆ ಹುಟ್ಟುತ್ತದೆ ಎಂದು ಅವರು ಅರ್ಥೈಸಿದರು. ಗಂಡಸರನ್ನಷ್ಟೇ ತಪಾಸಣೆಗೆ ಕರೆದ 1967ರ ಅರ್ಜಿಗಳಿಂದ ಇದು ಎಂದೂ ತಿಳಿಯುತ್ತಿರಲಿಲ್ಲ.