ಗಾಂಧಿ ಬಜಾರು: ನಡೆಯುವವರ ಲೆಕ್ಕ

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಆಟೋದಿಂದ ಇಳಿಸಿದ ಮೂಟೆಗಳನ್ನು ಬಿಚ್ಚಿ, ಸೇವಂತಿಗೆ ಒಂದು ಕಡೆ, ಕನಕಾಂಬರ ಇನ್ನೊಂದು ಕಡೆ ಹರವಿ, ಕಾಕಡಕ್ಕೆ ನೀರು ಚಿಮುಕಿಸಿ ಹೆಂಗಸರು ಕಟ್ಟಲು ಕೂರುತ್ತಾರೆ. ಬಾಯಿ ಊರ ಸುದ್ದಿಯಲ್ಲಿದ್ದರೂ ಬೆರಳು ನಿಲ್ಲುವುದಿಲ್ಲ. ಮೊಳ ಅಳೆಯುವಾಗ ದಂಡೆಯ ಒಂದು ತುದಿ ಮೊಣಕೈಗೆ, ಇನ್ನೊಂದು ನಡುಬೆರಳಿಗೆ. ಖಾಯಂ ಗಿರಾಕಿಯಾದರೆ ಬೆರಳು ದಾಟಿ ನಾಲ್ಕು ಹೂ ಕೊಸರು. ಆ ಹೊತ್ತಿಗೆ ರಸ್ತೆಯಲ್ಲಿ ಗಾಡಿಗಳು ಬೆರಳೆಣಿಕೆಯಷ್ಟು. ಹಾಲಿನ ಪೊಟ್ಟಣ ಹಿಡಿದ ಯಜಮಾನರೊಬ್ಬರು ಅತ್ತಿತ್ತ ನೋಡದೆ ರಸ್ತೆಯ ಮಧ್ಯದಲ್ಲೇ ನಿಧಾನವಾಗಿ ನಡೆದು ಹೋಗುತ್ತಾರೆ. ಅವರನ್ನು ಯಾರೂ ಗದರುವುದಿಲ್ಲ.

ಒಂಬತ್ತರ ಹೊತ್ತಿಗೆ ನೋಡಿ. ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಹೆಸರು ಬರೆಸಿ ಕಾಯುವವರ ಗುಂಪು ಸೇರಿರುತ್ತದೆ. 1943ರಿಂದ ನಡೆಯುತ್ತಿರುವ ಹೋಟೆಲು. ಕಾಯುವುದೂ ಅಲ್ಲಿನ ತಿಂಡಿಯ ಒಂದು ಭಾಗವೇ ಎಂದು ಬಸವನಗುಡಿಯವರಿಗೆ ಗೊತ್ತು. ಗ್ರಂಥಿಗೆ ಅಂಗಡಿಯಿಂದ ಅರಿಶಿನ, ಕರ್ಪೂರದ ವಾಸನೆ ಹೊರಗೆ ಬರುತ್ತದೆ. ಹಣ್ಣಿನ ತಳ್ಳುಗಾಡಿ, ವೀಳ್ಯದೆಲೆಯ ಬುಟ್ಟಿ, ಚಳಿಗಾಲವಾದರೆ ಸೊಗಡಿನ ಅವರೆಕಾಯಿಯ ರಾಶಿ. ಈ ಎಲ್ಲದರ ನಡುವೆ ಒಂದರ ಹಿಂದೆ ಒಂದು ಹಾರ್ನು ಒತ್ತುತ್ತ ಕಾರುಗಳು, ಕಾರುಗಳ ಸಂದಿಯಲ್ಲಿ ಸ್ಕೂಟರುಗಳು. ಒಂದು ಮೊಳ ಹೂ ಕೊಳ್ಳಲು ಗಾಡಿಯಿಂದ ಇಳಿಯದೆ ಕಾಲೂರಿ ನಿಂತ ಸವಾರನ ಹಿಂದೆ ಹತ್ತು ಗಾಡಿಗಳು ನಿಲ್ಲುತ್ತವೆ.

ಈ ಬೀದಿಯನ್ನು ಬದಲಿಸಲು ಹೊರಟಾಗ ಊರೆಲ್ಲ ಮಾತಾಡಿದ್ದು ಅದಕ್ಕೇ. ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ 2022ರ ಕೊನೆಯ ಹೊತ್ತಿಗೆ ಕೆಲಸ ಶುರುವಾಯಿತು. ಡಾಂಬರು ಕಿತ್ತು ಕಲ್ಲು ಹಾಸುವುದು, ಕಾಲುದಾರಿ ಅಗಲ ಮಾಡುವುದು, ಬೀದಿ ವ್ಯಾಪಾರಿಗಳಿಗೆ ಗೊತ್ತಾದ ಜಾಗ ಕೊಡುವುದು, ಹಳೆಯ ಮಾರುಕಟ್ಟೆ ಕಟ್ಟಡದ ಜಾಗದಲ್ಲಿ ಬಹುಮಹಡಿ ವಾಹನ ನಿಲ್ದಾಣ ಕಟ್ಟುವುದು. ಮುಖ್ಯರಸ್ತೆಯನ್ನು ನಡೆಯುವವರಿಗೇ ಬಿಟ್ಟುಬಿಡುವ ಮಾತು ಮೊದಲಿಗೆ ಇತ್ತು. ಅಂಗಡಿಯವರು ವಿರೋಧಿಸಿದರು, ಮಾತು ಸಡಿಲವಾಯಿತು, ಗಾಡಿಗಳು ಉಳಿದವು.

ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರಿನಲ್ಲೇ ಈ ಬೀದಿ ಇದೆ: 'ಮನಸು ಗಾಂಧಿ ಬಜಾರು', 1960. ಪಕ್ಕದ ರಸ್ತೆಗೆ ಡಿ.ವಿ.ಜಿ.ಯವರ ಹೆಸರು. ಇಲ್ಲಿನ ಜನಕ್ಕೆ ಬೀದಿಯ ಮೇಲೆ ಮಮತೆ ಹೆಚ್ಚು, ಹಾಗಾಗಿ ಅಭಿಪ್ರಾಯವೂ ಹೆಚ್ಚು.

ಜವಳಿ ಅಂಗಡಿಯವರೊಬ್ಬರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದರು. "ಮದುವೆ ಜವಳಿ ತೆಗೆಯೋಕೆ ಮನೆಮಂದಿಯೆಲ್ಲ ಬರ್ತಾರೆ ಸಾರ್. ಅಜ್ಜಿ ಇರ್ತಾರೆ, ಕೈಕೂಸು ಇರುತ್ತೆ. ಗಾಡಿ ಎಲ್ಲೋ ಬಿಟ್ಟು ಚೀಲ ಹೊತ್ಕೊಂಡು ನಡೀರಿ ಅಂದ್ರೆ ಬೇರೆ ಕಡೆ ಹೋಗ್ತಾರೆ." ಅವರ ನಿಜವಾದ ನೋವು ಇನ್ನೊಂದು. ರಸ್ತೆ ಅಗೆದಿಟ್ಟ ಕಾಲದಲ್ಲಿ ಅಂಗಡಿಯ ಮುಂದೆ ಗುಂಡಿ, ಗುಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಧೂಳು. ಸೀರೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟು ಹಬ್ಬ ಕಳೆದಿದ್ದಾರೆ. ಬಾಡಿಗೆ ಮಾತ್ರ ತಿಂಗಳು ತಿಂಗಳು ತಪ್ಪಲಿಲ್ಲ. "ಮುಗಿಯೋ ದಿನ ಹೇಳಿ, ಆ ದಿನಕ್ಕೆ ಮುಗಿಸಿ. ಆಮೇಲೆ ನಾನೂ ನಿಮ್ಮ ಜೊತೆ ನಡೀತೀನಿ" ಎಂದರು. ಈ ಮಾತಿಗೆ ಎದುರು ಹೇಳುವುದು ಕಷ್ಟ. ಅಂಗಡಿಯವರನ್ನು ಪ್ರಗತಿಯ ವಿರೋಧಿಗಳೆಂದು ಸುಲಭವಾಗಿ ಬಯ್ಯುವವರು ಅಂಥ ಹಲಗೆಯ ಮೇಲೆ ಒಂದು ಸಲ ನಡೆದು ನೋಡಬೇಕು.

ಆದರೂ ಅವರ ಲೆಕ್ಕದಲ್ಲಿ ಒಂದು ಎಡವಟ್ಟಿದೆ ಎಂದೇ ನನಗನ್ನಿಸುತ್ತದೆ. ಕಾರಿನಲ್ಲಿ ಬಂದ ಗಿರಾಕಿ ಕಣ್ಣಿಗೆ ಬೀಳುತ್ತಾನೆ, ಬಸ್ಸಿಳಿದು ಬಂದವಳು ಬೀಳುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ಅಂಗಡಿಯವರನ್ನು ಕೇಳಿದಾಗ ತಮ್ಮ ಗಿರಾಕಿಗಳಲ್ಲಿ ಶೇ 41ರಷ್ಟು ಜನ ಕಾರಿನಲ್ಲಿ ಬರುತ್ತಾರೆ ಎಂದಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇ 22. ಅಲ್ಲಿನ ಅಂಕಿ ಇಲ್ಲಿಗೆ ಹೊಂದಬೇಕೆಂದಿಲ್ಲ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಇಲ್ಲಿ ನಿಂತವರಿಗೆ ವ್ಯಾಪಾರ ಯಾರ ಕೈಯಲ್ಲಿ ನಡೆಯುತ್ತದೆ ಎಂಬುದು ಕಾಣುತ್ತದೆ. ಬಾಳೆಕಂದು ಹೆಗಲಿಗೇರಿಸಿದವರು, ಮಾವಿನಸೊಪ್ಪಿನ ಕಟ್ಟು ಹಿಡಿದವರು, ತಾವರೆ ಮೊಗ್ಗನ್ನು ಜನದ ನೂಕಿನಿಂದ ಕಾಯುತ್ತ ಎದೆಗೊತ್ತಿಕೊಂಡವರು. ಎಲ್ಲರೂ ನಡೆದೇ ಕೊಳ್ಳುತ್ತಾರೆ. ಅಂದು ಕಾರು ತಂದವನಿಗೆ ಒಂದು ನಿಂಬೆಹಣ್ಣು ಕೊಳ್ಳುವಷ್ಟು ಹೊತ್ತೂ ಗಾಡಿ ನಿಲ್ಲಿಸಲಾಗುವುದಿಲ್ಲ.

ಬಸವನಗುಡಿಗೆ ಇದು ಹೊಸ ಪಾಠವೂ ಅಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ದೊಡ್ಡ ಬಸವನ ಗುಡಿಯ ಮುಂದಿನ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿಬಿಡುತ್ತಾರೆ. ಅಂದು ರಸ್ತೆಯ ಎರಡೂ ಬದಿ ಕಡಲೆಕಾಯಿಯ ಗುಡ್ಡೆ. ನಡುವೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಬಳೆ ಅಂಗಡಿ, ಬತ್ತಾಸು, ಕಾಲಡಿ ಚರಚರ ಸಿಪ್ಪೆ. ಗಾಡಿ ಬರದ ಬೀದಿಯಲ್ಲಿ ವ್ಯಾಪಾರ ಹೇಗೆ ಎಂದು ಕೇಳುವ ಊರೇ ವರ್ಷಕ್ಕೊಮ್ಮೆ ಅದನ್ನು ಮಾಡಿ ತೋರಿಸುತ್ತದೆ. ಇದೇ ಊರಿನ ಚರ್ಚ್ ಸ್ಟ್ರೀಟಿನಲ್ಲೂ 2020ರ ನವೆಂಬರಿನಿಂದ 2021ರ ಫೆಬ್ರುವರಿಯವರೆಗೆ ಶನಿವಾರ, ಭಾನುವಾರ ಗಾಡಿ ಸಂಚಾರ ನಿಲ್ಲಿಸಿದ್ದರು. ಕೋವಿಡ್ಡಿನ ಮುಚ್ಚುಗೆಯಿಂದ ಹೊರಬಿದ್ದ ಜನ ನಡುರಸ್ತೆಯಲ್ಲಿ ನಿಂತು ಮಾತಾಡಿದ್ದನ್ನು ನೋಡಿದವರು ಮರೆಯಲಾರರು. ಅವಧಿ ಮುಗಿಯಿತು, ಹಾರ್ನು ಮರಳಿತು.

ಅಡ್ಡರಸ್ತೆಯವರ ದೂರು ಬೇರೆಯೇ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಜಗಲಿಯ ಹಳೆಯ ಮನೆಗಳು, ಪಾರಿಜಾತ, ಗೇಟಿನ ಮುಂದೆ ರಂಗೋಲಿ. ರಂಗೋಲಿಯ ಮೇಲೆ ಯಾರದೋ ಕಾರಿನ ಚಕ್ರ. "ದೊಡ್ಡ ರಸ್ತೆ ಚಂದ ಆಗಲಿ, ಬೇಡ ಅನ್ನಲ್ಲ" ಎಂದರು ನಿವೃತ್ತ ಶಿಕ್ಷಕಿಯೊಬ್ಬರು. "ಅಲ್ಲಿಂದ ಓಡಿಸಿದ ಗಾಡಿ ಆಕಾಶಕ್ಕೆ ಹೋಗುತ್ತಾ? ನಮ್ಮ ಮನೆ ಮುಂದೆ ಬರುತ್ತೆ. ನಮ್ಮೆಜಮಾನ್ರಿಗೆ ಎದೆನೋವು ಬಂದ ದಿನ ಗೇಟಿಗೆ ಅಡ್ಡ ನಿಲ್ಲಿಸಿದ್ದ ಕಾರಿನವರನ್ನ ಹುಡುಕೋದ್ರಲ್ಲೇ ಇಪ್ಪತ್ತು ನಿಮಿಷ ಹೋಯ್ತು." ಇದನ್ನು ಹೇಳುವಾಗ ಅವರು ದನಿ ಏರಿಸಲಿಲ್ಲ. ಗೇಟಿನ ಚಿಲಕವನ್ನು ಒಮ್ಮೆ ತೆಗೆದು, ಒಮ್ಮೆ ಹಾಕುತ್ತಿದ್ದರು.

ಅವರ ಪ್ರಶ್ನೆಯೇ ಇಡೀ ಯೋಜನೆಯ ತಿರುಳು. ಒಂದು ಬೀದಿಯನ್ನು ಮಾತ್ರ ತಿದ್ದಿದರೆ ಗಾಡಿ ಪಕ್ಕದ ಬೀದಿಗೆ ಹರಿಯುತ್ತದೆ. ಬಡಾವಣೆಯನ್ನೇ ಒಟ್ಟಾಗಿ ನೋಡಬೇಕು. ಬಾರ್ಸಿಲೋನಾದವರು ಹಿಡಿದದ್ದು ಆ ದಾರಿ. ಸುಮಾರು ಒಂಬತ್ತು ಚೌಕಗಳನ್ನು ಒಂದು ಗುಂಪು ಮಾಡಿ, ಅಲ್ಲಿ ವಾಸಿಸುವವರ ಗಾಡಿ, ಸರಕಿನ ಗಾಡಿ, ಆಂಬುಲೆನ್ಸು ಒಳಗೆ ಬರಬಹುದು, ಆದರೆ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹಾದುಹೋಗಲಾಗದಂತೆ ಏಕಮುಖ ರಸ್ತೆಗಳನ್ನು ತಿರುಗಿಸಿದರು. ಪೊಬ್ಲೆನೌ ಬಡಾವಣೆಯಲ್ಲಿ 2016ರಲ್ಲಿ ಇದನ್ನು ಶುರು ಮಾಡಿದಾಗ ನಮ್ಮನ್ನು ಸರಿಯಾಗಿ ಕೇಳಲಿಲ್ಲವೆಂದು ಅಲ್ಲಿನ ನಿವಾಸಿಗಳೂ ಸಿಟ್ಟಾಗಿದ್ದರು. ಬಸವನಗುಡಿಗೆ ಇಂಥದ್ದು ಕಷ್ಟವಲ್ಲ. 1898ರ ಪ್ಲೇಗಿನ ಹೊಡೆತದ ನಂತರ ಗಾಳಿ ಬೆಳಕು ಬೇಕೆಂದು ಜನ ತುಂಬಿದ ಬಡಾವಣೆ ಇದು. ನೇರ ರಸ್ತೆಗಳು, ಮನೆ ಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳು. ಕಸ, ಕಟ್ಟಡದ ಅವಶೇಷ ತುಂಬಿಕೊಂಡ ಆ ಓಣಿಗಳನ್ನು ಬಿಡಿಸಿದರೆ ಮಕ್ಕಳು ಶಾಲೆಗೆ ನಡೆಯಲು ಗಾಡಿಯಿಲ್ಲದ ದಾರಿ ಈಗಾಗಲೇ ಇದೆ. ಹೊಸದಾಗಿ ಒಂದಂಗುಲ ಜಾಗವೂ ಬೇಕಿಲ್ಲ.

ಕಲ್ಲುಹಾಸಿನ ಮೇಲೆ ಸಂಜೆ ಅರ್ಧ ಗಂಟೆ ನಿಂತೆ. ಎಪ್ಪತ್ತೈದು ದಾಟಿದ್ದ ತಾಯಿಯೊಬ್ಬರು ಎಡಗೈಯಲ್ಲಿ ತರಕಾರಿ ಚೀಲ, ಬಲಗೈಯಲ್ಲಿ ಕೋಲು ಹಿಡಿದು ಅಡ್ಡರಸ್ತೆಯ ಬಾಯಿ ದಾಟಬೇಕಿತ್ತು. ಹೊಸ ಕಾಲುದಾರಿಯಲ್ಲಿ ಸರಾಗವಾಗಿ ಬಂದವರು ಅದು ಮುಗಿಯುವಲ್ಲಿ ನಿಂತರು. ಕೋಲನ್ನು ಮೊದಲು ಕೆಳಗಿಟ್ಟು, ಪಕ್ಕದ ಸ್ಕೂಟರಿನ ಸೀಟು ಹಿಡಿದು, ಅಡ್ಡಡ್ಡಲಾಗಿ ಒಂದು ಕಾಲು ಇಳಿಸಿದರು. ಇನ್ನೊಂದು ಕಾಲು ಇಳಿಸುವಷ್ಟರಲ್ಲಿ ತಿರುವಿನಲ್ಲಿ ಡೆಲಿವರಿ ಹುಡುಗನ ಬೈಕು. ಹುಡುಗ ಬ್ರೇಕು ಹಾಕಿದ, "ಹೋಗಿ ಅಜ್ಜಿ" ಎಂದ. ಒಳ್ಳೆಯ ಹುಡುಗ. ಆದರೆ ಆ ತಾಯಿಯ ಕ್ಷೇಮ ಎದುರಿಗೆ ಸಿಕ್ಕ ಹುಡುಗನ ಒಳ್ಳೆಯತನದ ಮೇಲೆ ನಿಲ್ಲಬಾರದು. ಕಾಲುದಾರಿಯ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಲ್ಲೇ ಇದೆ. ಅಡ್ಡರಸ್ತೆಯ ಬಾಯಲ್ಲಿ ರಸ್ತೆಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತಿಬಿಟ್ಟರೆ ಇಳಿಯುವ ಕೆಲಸ ಗಾಡಿಯವರದಾಗುತ್ತದೆ, ಅಜ್ಜಿಯದಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಪ್ರತಿ ಗಾಡಿಗೂ ಸಂಖ್ಯೆಯಿದೆ, ಸಿಗ್ನಲ್ಲುಗಳಲ್ಲಿ ಎಣಿಕೆಯಿದೆ. ಕೋಲೂರಿ ಬಂದವರನ್ನು, ಬುಟ್ಟಿ ಹೊತ್ತು ಬಂದವರನ್ನು ಈ ಬೀದಿಯಲ್ಲಿ ಗಂಟೆ ಗಂಟೆಗೆ ಎಣಿಸಿ, ಆ ಲೆಕ್ಕವನ್ನು ಅಂಗಡಿಯವರ ಎದುರಿಗೂ ಅಡ್ಡರಸ್ತೆಯವರ ಎದುರಿಗೂ ಇಟ್ಟು ಚರ್ಚೆ ಶುರು ಮಾಡಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ ಎಂದು ನಾನು ನಂಬುತ್ತೇನೆ.

ಕತ್ತಲಾಗುವ ಹೊತ್ತಿಗೆ ಜವಳಿ ಅಂಗಡಿಯವರು ಹೊರಗೆ ಬಂದು ಹೂವಿನವರ ಹತ್ತಿರ ನಿಂತರು. ದೇವರ ಪಟಕ್ಕೆ ದಿನಾ ಹೂ ಅಲ್ಲಿಂದಲೇ. ಸರಕಿನ ಲಾರಿ ಬೆಳಿಗ್ಗೆ ಎಂಟರೊಳಗೆ ಬಂದು ಹೋಗಲಿ, ಸಂಜೆ ನಾಲ್ಕು ಗಂಟೆ ಕಾಲ ಗಾಡಿ ಬಿಡುವುದು ಬೇಡ, ಭಾನುವಾರ ಒಂದು ತಿಂಗಳು ಮಾಡಿ ನೋಡಲಿ ಎಂದು ಅವರೇ ಒಂದು ದಾರಿ ಹೇಳಿದರು. ವಯಸ್ಸಾದವರನ್ನು ಕರೆತರಲು ಬ್ಯಾಟರಿ ಗಾಡಿ ಇರಲಿ ಎಂದೂ ಸೇರಿಸಿದರು. ಪಕ್ಕದ ಆಟೋದವನು, "ನಿಲ್ದಾಣ ಎಲ್ಲಿ ಅಂತ ಮೊದ್ಲು ಹೇಳ್ಲಿ, ಇಲ್ಲಾಂದ್ರೆ ಪೊಲೀಸ್ರು ನಮಗೇ ದಂಡ ಹಾಕ್ತಾರೆ" ಎಂದ.

ಹೂವಿನಾಕೆ ಎಲ್ಲವನ್ನೂ ಕೇಳಿಸಿಕೊಂಡು, ಮೊಳ ಅಳೆದು, ಎಲೆಯಲ್ಲಿ ಸುತ್ತಿ ಕೊಟ್ಟಳು. "ನೀವೆಲ್ಲ ಸಂಜೆ ಮನೆಗೆ ಹೋಗೋರು ಅಣ್ಣ. ನಾನು ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರ ತನಕ ಇಲ್ಲೇ. ಕಲ್ಲು ಹಾಕಿದ್ರು, ಲೈಟು ಹಾಕಿದ್ರು, ಕೂರೋ ಜಾಗ ಬರ್ಕೊಂಡು ಹೋದ್ರು. ಹೆಂಗಸ್ರಿಗೆ ಹತ್ತಿರದಲ್ಲಿ ಒಂದು ಶೌಚಾಲಯ, ಹೂವಿಗೆ ಚಿಮುಕಿಸೋಕೆ ಒಂದು ನಲ್ಲಿ, ಇದನ್ನ ಯಾರೂ ಕೇಳಲಿಲ್ಲ. ಮುಂದಿನ ಮೀಟಿಂಗು ಯಾವಾಗ ಅಂತ ಗೊತ್ತಾದ್ರೆ ನನಗೂ ಹೇಳಿ. ಮಧ್ಯಾಹ್ನ ಮೂರು ಗಂಟೆಗೆ ಇಡೋಕೆ ಹೇಳಿ, ಆವಾಗ ವ್ಯಾಪಾರ ಇರಲ್ಲ, ನಾವೆಲ್ಲ ಬರ್ತೀವಿ."