ಎಣಿಕೆಗೆ ಸಿಗದ ಹಾಡು

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸ್ಥಳ ದೊರೆತರೆ ಅದೊಂದು ಭಾಗ್ಯವೇ ಸರಿ. ಅರಿಸಿನದ ಹೊಲಗಳನ್ನೂ ಬಾಳೆಯ ತೋಟಗಳನ್ನೂ ನೋಡುತ್ತ ಕುಳಿತರೆ ದಾರಿ ಸವೆದದ್ದೇ ತಿಳಿಯದು. ಆದರೆ ಈಚೆಗೆ ಒಮ್ಮೆ ಆ ದಾರಿಯಲ್ಲಿ ಹೋದಾಗ ನಾನು ಹೊಲಗಳನ್ನು ನೋಡಿದ್ದಕ್ಕಿಂತ ಪಕ್ಕದ ತರುಣನ ಮೊಬೈಲನ್ನು ನೋಡಿದ್ದೇ ಹೆಚ್ಚು. ಆ ವಾರವಷ್ಟೇ ಬಿಡುಗಡೆಯಾಗಿದ್ದ ಕನ್ನಡ ಚಿತ್ರವೊಂದು ಅಂಗೈಯಗಲದ ತೆರೆಯ ಮೇಲೆ ಓಡುತ್ತಿತ್ತು. ಚಿತ್ರ ಕೊಂಚ ಓರೆಯಾಗಿತ್ತು. ನಾಯಕಿ ಕಣ್ಣೀರು ಸುರಿಸುತ್ತಿದ್ದ ಸನ್ನಿವೇಶದಲ್ಲಿ ಯಾರೋ ಗಟ್ಟಿಯಾಗಿ ಕೆಮ್ಮಿದರು. ಒಂದು ತಲೆ ಎದ್ದು ಅಡ್ಡ ಹಾದುಹೋಯಿತು. ಚಿತ್ರಮಂದಿರದ ಕತ್ತಲೆಯಲ್ಲಿ ಕದ್ದು ಹಿಡಿದ ಪ್ರತಿ ಅದು.

"ಇದು ಎಲ್ಲಿ ಸಿಕ್ಕಿತಪ್ಪಾ?" ಎಂದು ಕೇಳಿದೆ.

"ಡೌನ್‌ಲೋಡ್ ಮಾಡ್ಕಂಡೆ ಸಾ. ಎಲ್ಲಾರ ಫೋನಲ್ಲೂ ಅದೆ. ಕಾಸೇನೂ ಇಲ್ಲ."

ಹುಡುಗನ ಮುಖದಲ್ಲಿ ಕಳ್ಳತನದ ಛಾಯೆಯೂ ಇರಲಿಲ್ಲ. ಅವನನ್ನು ಗದರುವ ಅಧಿಕಾರವಾದರೂ ನನಗೆಲ್ಲಿತ್ತು? ಕ್ಯಾಸೆಟ್ಟಿನ ಕಾಲದಲ್ಲಿ ಸ್ನೇಹಿತರಿಂದ ಎರವಲು ತಂದು ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಂಡವರಲ್ಲಿ ನಾನೂ ಒಬ್ಬ. ಅನಂತರ ಬಸ್ ನಿಲ್ದಾಣಗಳ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಕೊಡುವ ವ್ಯಾಪಾರ ನಡೆಯಿತು. ಹಣ ಕೊಟ್ಟಿದ್ದೇವೆ, ಆದ್ದರಿಂದ ಇದು ನ್ಯಾಯವಾದ ಖರೀದಿಯೇ ಎಂದು ಎಷ್ಟೋ ಮಂದಿ ಗೃಹಸ್ಥರು ನಂಬಿದ್ದರು. ಆದರೆ ಕ್ಯಾಸೆಟ್ಟಿಗೂ ಇಂದಿನ ಕಡತಕ್ಕೂ ಒಂದು ವ್ಯತ್ಯಾಸವುಂಟು. ಕ್ಯಾಸೆಟ್ಟಿನಿಂದ ಪ್ರತಿ ತೆಗೆಯಲು ಗಂಟೆ ಹಿಡಿಯುತ್ತಿತ್ತು; ಪ್ರತಿಯಿಂದ ಪ್ರತಿಗೆ ಧ್ವನಿ ಸೊರಗುತ್ತಿತ್ತು. ಈಗಿನ ಸಾವಿರದ ಪ್ರತಿಯೂ ಮೊದಲನೆಯದರಷ್ಟೇ ಸ್ವಚ್ಛ, ಕ್ಷಣಾರ್ಧದಲ್ಲಿ ಸಿದ್ಧ.

ಕಾಸೇನೂ ಇಲ್ಲ ಎಂಬ ಆ ಮಾತನ್ನೇ ಸ್ವಲ್ಪ ವಿಚಾರಿಸಿ ನೋಡೋಣ. ಚಿತ್ರಗೀತೆ ಬರೆದ ಕವಿಗೆ ಹಿಂದೆ ಒಂದು ಮೊತ್ತ ಕೊಟ್ಟರೆ ಮುಗಿಯುತ್ತಿತ್ತು. ಆ ಹಾಡು ನಲವತ್ತು ವರ್ಷ ನಾಡನ್ನೆಲ್ಲ ತಣಿಸಿದರೂ ಅವನ ಮನೆಗೆ ಮತ್ತೊಂದು ರೂಪಾಯಿ ಬರುವ ಭರವಸೆ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ ಈ ಅನ್ಯಾಯವನ್ನು ಬಹುಮಟ್ಟಿಗೆ ಸರಿಪಡಿಸಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಕವಿಗೂ ಸಂಗೀತ ನಿರ್ದೇಶಕನಿಗೂ ಪಾಲುಂಟು; ಆ ಹಕ್ಕನ್ನು ನಿರ್ಮಾಪಕನಿಗೆ ಬರೆದುಕೊಡುವೆನೆಂದರೂ ಕಾಯಿದೆ ಒಪ್ಪದು. ಐ.ಪಿ.ಆರ್.ಎಸ್. ಎಂಬ ಸಂಸ್ಥೆ ಈ ಹಣವನ್ನು ಸಂಗ್ರಹಿಸಿ ಹಂಚುತ್ತದೆ. ಆದರೆ ಹಂಚಬೇಕಾದರೆ ಯಾವ ಹಾಡು ಎಷ್ಟು ಬಾರಿ ಕೇಳಲ್ಪಟ್ಟಿತೆಂಬ ಲೆಕ್ಕ ಬೇಕಷ್ಟೆ. ಜಾಹೀರಾತಿನೊಡನೆ ಪುಕ್ಕಟೆಯಾಗಿ ಕೇಳಿದರೂ ನ್ಯಾಯವಾದ ತಾಣದಲ್ಲಿ ಆ ಲೆಕ್ಕ ಬೀಳುತ್ತದೆ. ಕದ್ದು ಇಳಿಸಿದ ಹಾಡನ್ನು ಲಕ್ಷ ಜನ ಕೇಳಲಿ, ಲೆಕ್ಕದಲ್ಲಿ ಅದು ಸೊನ್ನೆ. ಮುಪ್ಪಿನಲ್ಲಿ ಔಷಧಿಯ ಚೀಟಿ ಹಿಡಿದು ಕುಳಿತ ಕವಿಗೆ ಆ ಲಕ್ಷ ಅಭಿಮಾನಿಗಳು ಇದ್ದೂ ಇಲ್ಲದಂತೆಯೇ.

ಚಲನಚಿತ್ರದ ಪಾಡು ಇನ್ನೂ ಕಠಿಣ. ಹೆಚ್ಚಿನ ಚಿತ್ರಗಳ ಅದೃಷ್ಟ ಮೊದಲ ಶುಕ್ರವಾರದಿಂದ ಭಾನುವಾರದೊಳಗೆ ತೀರ್ಮಾನವಾಗುವುದು. ಕಳ್ಳಪ್ರತಿ ಹೊರಬೀಳುವುದೂ ಆ ಮೂರು ದಿನಗಳಲ್ಲೇ. ದೊಡ್ಡ ನಟನ ಚಿತ್ರ ಹೇಗೋ ತಡೆದುಕೊಳ್ಳಬಹುದು. ಸಾಲ ಮಾಡಿ ಮೊದಲ ಚಿತ್ರ ತೆಗೆದವನಿಗೆ ಎರಡನೆಯ ಚಿತ್ರವೇ ಇಲ್ಲ. ಇದು ಕನ್ನಡ ಚಿತ್ರರಂಗಕ್ಕೆ ರಾಜಕುಮಾರರನ್ನು ಕೊಟ್ಟ ಸೀಮೆಯೆಂಬುದನ್ನು ಇಲ್ಲಿ ನೆನೆಯದಿರಲಾರೆ. ಅವರು ಹುಟ್ಟಿದ ಗಾಜನೂರು ಇಂದು ತಮಿಳುನಾಡಿಗೆ ಸೇರಿದ್ದರೂ ಚಾಮರಾಜನಗರದವರು ಅದನ್ನು ಪರರಾಜ್ಯವೆಂದು ಒಪ್ಪುವುದು ಕಷ್ಟ! 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದ ಆ ತರುಣನನ್ನು ಜನ ಟಿಕೆಟ್ ಕೊಂಡು ನೋಡಿದ್ದರಿಂದಲ್ಲವೆ ಮುಂದಿನ ಚಿತ್ರಗಳು ಬಂದದ್ದು?

ಇದನ್ನೆಲ್ಲ ಕೇಳಿ ಹುಡುಗ ಒಂದೇ ಪ್ರಶ್ನೆ ಹಾಕಿದ: "ಪೊಲೀಸ್ನೋರು ಹಿಡ್ದಾರಾ ಸಾ?"

ಹಿಡಿಯಬಹುದು. ತಿಳಿದೂ ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದವನಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆಯನ್ನು ತಗ್ಗಿಸಬಹುದು. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವನ ಮೇಲೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಇನ್ನೂ ಬಿಗಿಯಾಗಿದೆ: ಕನಿಷ್ಠ 3 ತಿಂಗಳ ಸೆರೆ, 3 ಲಕ್ಷ ದಂಡ, ಗರಿಷ್ಠ 3 ವರ್ಷ ಸೆರೆ, ಚಿತ್ರದ ನಿರ್ಮಾಣ ವೆಚ್ಚದ ಶೇಕಡ 5ರವರೆಗೆ ದಂಡ. ಕರ್ನಾಟಕದ ಗೂಂಡಾ ಕಾಯಿದೆಯ ವ್ಯಾಪ್ತಿಗೂ 2014ರಿಂದ ಈ ದಂಧೆಯವರು ಸೇರಿದ್ದಾರೆ. ಕತ್ತಲೆಯಲ್ಲಿ ಯಾರೂ ಕಾಣರೆಂಬುದು ಭ್ರಮೆ. ಇಂದಿನ ಡಿಜಿಟಲ್ ಪ್ರತಿಯ ಬಿಂಬದಲ್ಲೂ ಧ್ವನಿಯಲ್ಲೂ ಕಣ್ಣಿಗೆ ಬೀಳದ ಗುರುತುಗಳಿರುತ್ತವೆ. ಯಾವ ಚಿತ್ರಮಂದಿರ, ಯಾವ ದಿನ, ಯಾವ ಹೊತ್ತು ಎಂಬುದನ್ನು ಕಳ್ಳಪ್ರತಿಯೇ ಬಾಯಿಬಿಡುತ್ತದೆ.

ಆದರೆ ಸಾಧಾರಣ ಸಂಸಾರಗಳಿಗೆ ಪೊಲೀಸರಿಗಿಂತ ಹತ್ತಿರದ ಅಪಾಯ ಬೇರೆಯಿದೆ. ನಮ್ಮ ಬಂಧುಗಳ ಮನೆಯಲ್ಲಿ ಮಗ ಸಿನಿಮಾ ಇಳಿಸಲು ಹೋದ. 'ಚಿತ್ರ ನೋಡಲು ಈ ಆ್ಯಪ್ ಹಾಕಿಕೊಳ್ಳಿ' ಎಂದಿತು ತಾಣ. ಹಾಕಿಕೊಂಡ. ಫೋನು ತಂದೆಯದು, ಬ್ಯಾಂಕಿನ ಸಂದೇಶಗಳೂ ಅದಕ್ಕೇ ಬರುತ್ತಿದ್ದವು. ಮರುದಿನ ಬೆಳಗಿನೊಳಗೆ ತಂಗಿಯ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣವಷ್ಟೂ ಹೋಗಿತ್ತು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಅದೇ ದೊಡ್ಡ ತಪ್ಪಾಯಿತು. 1930ಕ್ಕೆ ಆ ಗಳಿಗೆಯಲ್ಲೇ ಕರೆಮಾಡಿದ್ದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆಯಿತ್ತು. ಆ ತಾಯಿ ಕಿವಿಯ ಓಲೆಯನ್ನು ಅಡವಿಟ್ಟು ಶುಲ್ಕ ಕಟ್ಟಿದರು. ಅಷ್ಟಾಗಿ ಆ ಸಿನಿಮಾವನ್ನು ಯಾರೂ ಪೂರ್ತಿ ನೋಡಿರಲಿಲ್ಲ.

ಹುಡುಗ ಸುಮ್ಮನೆ ಕೇಳುತ್ತಿದ್ದ. ಅವನ ಕಡೆಯೂ ನ್ಯಾಯವಿಲ್ಲದಿಲ್ಲ. "ನಮ್ಮೂರಿಂದ ಟಾಕೀಸ್ಗೆ ಹೋಗಿ ಬರಕೆ ಬಸ್ಸಿನ ಕಾಸೇ ಎಷ್ಟಾಯ್ತದೆ ಸಾ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಣ್ಣ ಊರಿನ ಪ್ರೇಕ್ಷಕನನ್ನು ಚಿತ್ರೋದ್ಯಮ ಮರೆತಷ್ಟೂ ಕಳ್ಳನ ಅಂಗಡಿ ಬೆಳೆಯುವುದು ಸಹಜ.

ಗುಂಡ್ಲುಪೇಟೆ ಸಮೀಪಿಸಿತು. ಅವನು ಮೊಬೈಲನ್ನು ಜೇಬಿಗಿಡುತ್ತ, "ಮಾದಪ್ಪನ ಪದ ಹಾಕ್ಕಂಡ್ರೆ ಏನೂ ಆಗಕಿಲ್ವಲ್ಲ? ಅದು ಎಲ್ಲಾರ್ದೂ ಅಲ್ವಾ ಸಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ! ದೇವರಗುಡ್ಡರು ಕಂಸಾಳೆ ಹಿಡಿದು ತಲೆಮಾರುಗಳಿಂದ ಹಾಡುತ್ತ ಬಂದ ಪದಕ್ಕೆ ಒಡೆಯನಿಲ್ಲ, ನೀನೂ ಹಾಡಬಹುದು. ಆದರೆ ಒಬ್ಬ ಗಾಯಕ ಅದನ್ನು ಹಾಡಿ ಧ್ವನಿಮುದ್ರಿಸಿದರೆ ಆ ಮುದ್ರಣದ ಹಕ್ಕು 60 ವರ್ಷ ಉಳಿಯುತ್ತದೆ, ಹಾಡಿದವನಿಗೂ ತನ್ನ ಹಾಡುಗಾರಿಕೆಯ ಮೇಲೆ 50 ವರ್ಷ ಹಕ್ಕಿರುತ್ತದೆ ಎಂದೆ.

"ನಮ್ ಚಿಕ್ಕಪ್ಪಾರೂ ಒಂದು ಕ್ಯಾಸೆಟ್ಟಲ್ಲಿ ಹಾಡವ್ರೆ" ಎಂದ ಅವನು ಇಳಿಯುತ್ತ. "ಈಗ ಅದು ಎಲ್ಲಾ ಕಡೆ ಅದೆ. ಅವ್ರಿಗೇನೂ ಬಂದಿಲ್ಲ."