ಗಣಕದ ಪಾಠಾಂತರಗಳು

ಓಲೆಗರಿಯ ಪ್ರತಿಗಳಿಂದ ಕಾವ್ಯವೊಂದನ್ನು ಶೋಧಿಸಿ ಅಚ್ಚಿಗೆ ಸಿದ್ಧಪಡಿಸುವವರ ಕಷ್ಟವನ್ನು ಗ್ರಂಥಸಂಪಾದನೆಯ ಪರಿಚಯವುಳ್ಳವರೆಲ್ಲ ಬಲ್ಲರು. ಹಳೆಯ ಲಿಪಿಕಾರರು ಒಕಾರ ಓಕಾರಗಳಿಗೆ ಬಹುಮಟ್ಟಿಗೆ ಒಂದೇ ಚಿಹ್ನೆಯನ್ನು ಬಳಸುತ್ತಿದ್ದರು. ಹ್ರಸ್ವವೋ ದೀರ್ಘವೋ ಎಂಬುದನ್ನು ಛಂದಸ್ಸಿನಿಂದಲೂ ಅರ್ಥದಿಂದಲೂ ನಿರ್ಣಯಿಸುವುದು ಓದುವವನ ಹೊಣೆಯಾಗಿತ್ತು. ಬರೆವಣಿಗೆಯೆಲ್ಲ ಗಣಕಯಂತ್ರವನ್ನು ಸೇರಿದ ಮೇಲೆ ಇಂಥ ತೊಡಕುಗಳು ತೀರಿದುವೆಂದು ಭಾವಿಸುವವರುಂಟು. ಅವು ತೀರಿಲ್ಲ, ವೇಷ ಬದಲಾಯಿಸಿಕೊಂಡಿವೆ, ಅಷ್ಟೆ.

ಗಣಕವು ಅಕ್ಷರವನ್ನು ಅರಿಯದು. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಇಂಥ ಅಂಕಿ ಇಂಥ ಅಕ್ಷರಕ್ಕೆ ಸಲ್ಲತಕ್ಕದ್ದೆಂದು ಜನರು ಮಾಡಿಕೊಂಡ ಒಪ್ಪಂದಕ್ಕೆ ಸಂಕೇತಪದ್ಧತಿಯೆಂದು ಹೆಸರು. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಪದ್ಧತಿಯಲ್ಲಿ ಇದ್ದುವು 128 ಸ್ಥಾನಗಳು. ಇಂಗ್ಲಿಷಿಗೆ ಅವು ಸಾಕಾದುವು. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ಆದಕಾರಣ ಕನ್ನಡದ ಹಳೆಯ ತಂತ್ರಾಂಶಗಳು ಒಂದು ಉಪಾಯ ಹೂಡಿದುವು: ರೋಮನ್ ಲಿಪಿಯ ಭಾಷೆಗಳಿಗೆ ಮೀಸಲಾದ ಅಂಕಿಗಳನ್ನೇ ಎರವಲು ಪಡೆದು, ಫಾಂಟಿನಲ್ಲಿ ಮಾತ್ರ ಕನ್ನಡದ ಆಕಾರಗಳನ್ನು ಕೂರಿಸಿದುವು. ಆ ಫಾಂಟು ಇರುವತನಕ ಬರೆಹ ಕನ್ನಡ. ಅದಿಲ್ಲದ ಯಂತ್ರಕ್ಕೆ ಹೋದೊಡನೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ.

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಕನ್ನಡಕ್ಕೆ ತನ್ನದೇ ಆದ ವಿಭಾಗ ದೊರೆಯಿತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರ ಒಂದು ಬೈಟಿನಲ್ಲಿ ಅಡಗಿದರೆ, ನಮ್ಮ ಕಕಾರ ಮೂರು ಬೈಟುಗಳನ್ನು ಬೇಡುತ್ತದೆ. ಬೈಟಿಗೊಂದು ಅಕ್ಷರವೆಂದು ನಂಬಿದ ಹಳೆಯ ಪದ್ಧತಿಯಲ್ಲಿ ಅದನ್ನು ಓದಿದರೆ ಒಂದು ಕಕಾರದ ಎಡೆಯಲ್ಲಿ ಮೂರು ಅಪರಿಚಿತ ಚಿಹ್ನೆಗಳು ಮೂಡುತ್ತವೆ. ಜಪಾನೀಯರು ಇದನ್ನು 'ಮೊಜಿಬಾಕೆ' ಎನ್ನುತ್ತಾರೆ. ಅಕ್ಷರಗಳು ರೂಪಾಂತರಗೊಳ್ಳುವುದು ಎಂದು ಅದರ ಭಾವ. ಇಲ್ಲಿ ಕಡತ ಕೆಟ್ಟಿಲ್ಲ, ಓದುವ ಕ್ರಮ ತಪ್ಪಿದೆ ಎಂಬುದನ್ನು ಮರೆಯಲಾಗದು. ಕಂಡ ಚಿಹ್ನೆಗಳನ್ನು ಆತುರದಿಂದ ತಿದ್ದಿ ಉಳಿಸಿದವನು, ಅದುವರೆಗೆ ನೆಟ್ಟಗಿದ್ದ ಕಡತವನ್ನು ಆಗ ನಿಜವಾಗಿಯೂ ಕೆಡಿಸುತ್ತಾನೆ.

ಪಾಠಭೇದದೊಡನೆ ಆವೃತ್ತಿಭೇದವೂ ಕೂಡಿದರೆ ತೊಡಕು ಇಮ್ಮಡಿಯಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಚರಿತ್ರೆ ಇದಕ್ಕೆ ನಿದರ್ಶನ. ಅದರ ಎರಡನೆಯ ಆವೃತ್ತಿಯಲ್ಲಿ ಸಾಮಾನ್ಯ ಪಠ್ಯವೆಂದರೆ ಬೈಟುಗಳ ಸಾಲು. ಯೂನಿಕೋಡ್ ಪಠ್ಯದ ಜಾತಿಯೇ ಬೇರೆ. ಎರಡನ್ನೂ ಬೆರೆಸಿದಾಗ ಭಾಷೆಯು ಯಾರನ್ನೂ ಕೇಳದೆ, ಬೈಟುಗಳು ಆಸ್ಕಿಯವೇ ಎಂದು ಊಹಿಸುತ್ತಿತ್ತು. ಇಂಗ್ಲಿಷ್ ಮಾತ್ರವಿದ್ದಾಗ ಊಹೆ ಫಲಿಸುತ್ತಿತ್ತು. ಕನ್ನಡದ ಹೆಸರೊಂದು ಬಂದೊಡನೆ ಪ್ರೋಗ್ರಾಮು ನಿಂತುಹೋಗುತ್ತಿತ್ತು. 2008ರ ಡಿಸೆಂಬರಿನಲ್ಲಿ ಹೊರಬಂದ ಮೂರನೆಯ ಆವೃತ್ತಿ, ಪಠ್ಯ ಬೇರೆ, ಬೈಟು ಬೇರೆ ಎಂದು ಖಂಡಿತವಾಗಿ ಗೆರೆ ಎಳೆಯಿತು. ಸುಧಾರಣೆ ನ್ಯಾಯವಾದದ್ದೇ, ಆದರೆ ಹಳೆಯ ಪ್ರೋಗ್ರಾಮುಗಳೆಷ್ಟೋ ತಿದ್ದುಪಡಿಯಿಲ್ಲದೆ ಅದರಲ್ಲಿ ನಡೆಯಲಿಲ್ಲ. ಎರಡನೆಯದರ ಪೋಷಣೆ 2020ರ ಜನವರಿ 1ಕ್ಕೆ ಕೊನೆಗೊಳ್ಳುವತನಕ, ಹನ್ನೊಂದು ವರ್ಷ, ಎರಡೂ ಜೊತೆಜೊತೆಯಾಗಿ ಬಾಳಿದುವು. ಇಂಥಲ್ಲಿ ಯೋಜನೆಗೊಂದು ಪ್ರತ್ಯೇಕ ಬಿಡಾರ ಮಾಡಿಕೊಟ್ಟು, ಅದರೊಳಗೆ ಬಳಸಿದ ಪ್ರತಿಯೊಂದು ತಂತ್ರಾಂಶದ ಆವೃತ್ತಿಸಂಖ್ಯೆಯನ್ನು ಬರೆದಿಡುವುದೇ ಮದ್ದು.

ಪದ್ಧತಿ ಒಂದೇ, ಆವೃತ್ತಿಯೂ ಒಂದೇ ಆದಾಗಲೂ ಸಂದೇಹಕ್ಕೆ ಎಡೆಯುಂಟು. 'ಕೋಶ' ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಯೂನಿಕೋಡಿನ ಒಂದೇ ಸಂಕೇತದಿಂದ ಬರೆಯಬಹುದು. ಎತ್ವ, ಕೊಂಬಿನಿಳಿ, ದೀರ್ಘ ಎಂಬ ಮೂರನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಎರಡು ಬೇರೆ ಬೇರೆ ಶಬ್ದಗಳು. ನಿಘಂಟಿನಲ್ಲಿರುವ ಶಬ್ದವೇ ಹುಡುಕಿದರೆ ಸಿಕ್ಕದೆ ಹೋದೀತು. ಲಿಪಿಕಾರನಲ್ಲಿ ಎರಡು ಧ್ವನಿಗೆ ಒಂದು ಚಿಹ್ನೆಯಿತ್ತು. ಇಲ್ಲಿ ಒಂದು ಧ್ವನಿಗೆ ಎರಡು ಬರೆವಣಿಗೆ! ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣವೆಂಬ ವಿಧಾನ ಇರುವುದು ಇದರ ಪರಿಹಾರಕ್ಕಾಗಿಯೇ.

ದೋಷ ಹುಡುಕುವವನ ದಾರಿ ಸಂಪಾದಕನ ದಾರಿಯೇ. ಮೂಲಪ್ರತಿಯನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಬೇಕು. ಕಡತ ಹುಟ್ಟಿದ್ದೆಲ್ಲಿ, ದಾಟಿ ಬಂದ ಕೈಗಳಾವುವು, ಯಾವ ಹಂತದವರೆಗೆ ಶುದ್ಧವಾಗಿತ್ತು ಎಂದು ವಿಚಾರಿಸಬೇಕು. ತೆರೆಯ ಮೇಲಿನ ಆಕಾರವನ್ನಲ್ಲ, ಒಳಗಿನ ಬೈಟುಗಳನ್ನು ನೋಡಬೇಕು. ಇದು ತಂತ್ರಜ್ಞರಿಗಷ್ಟೇ ಸಂಬಂಧಿಸಿದ ಮಾತಲ್ಲ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳೂ ಕಥೆಗಳೂ ಪತ್ರಗಳೂ ನಮ್ಮಲ್ಲಿ ಅನೇಕರ ಬಳಿ ಇವೆ. ಗೆದ್ದಲು ತಿಂದ ಓಲೆಯಲ್ಲಿಯೂ ಉಳಿದ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಗಣಕದ ಕಡತವಾದರೋ ಒಂದು ಚುಕ್ಕೆಯೂ ಅಳಿಯದೆ ಓದಲು ಬಾರದಂತಾಗಬಹುದು.

ಓಲೆಗರಿಯ ಕೊನೆಯಲ್ಲಿ ಎಷ್ಟೋ ಮಂದಿ ಲಿಪಿಕಾರರು ತಮ್ಮ ಹೆಸರನ್ನೂ ಬರೆದು ಮುಗಿಸಿದ ಸಂವತ್ಸರವನ್ನೂ ದಾಖಲಿಸುತ್ತಿದ್ದರು. ಕಡತವೂ ತಾನು ಯಾವ ಪದ್ಧತಿಯಲ್ಲಿ, ಯಾವ ಆವೃತ್ತಿಯಲ್ಲಿ ಹುಟ್ಟಿತೆಂದು ಒಂದು ಸಾಲಿನಲ್ಲಿ ಹೇಳಿಕೊಂಡರೆ, ಮುಂದೆ ಓದುವವನಿಗೆ ಊಹಿಸುವ ಪಾಡು ಬರದು.